ಜಗಲಿಯ ಮೇಲಿನ ಪಾಠ

ಕೊಣನೂರಿನಲ್ಲಿ ಕಾವೇರಿಯ ಕಡೆಗೆ ಇಳಿದುಹೋಗುವ ಬೀದಿಯೊಂದರಲ್ಲಿ ನಮ್ಮ ಮನೆಯಿರುವುದು. ಮನೆ ಹಳೆಯದು, ಅದಕ್ಕೊಂದು ಜಗಲಿಯುಂಟು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಸೀಮೆಯ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, ಅರವತ್ತು ತುಂಬಿದೊಡನೆ ನಿಯಮದಂತೆ ನಿವೃತ್ತರಾಗಿ ಬಂದು ನಾವು ಈ ಜಗಲಿಯ ಮೇಲೆ ಕುಳಿತೆವು. ನಿವೃತ್ತನಾದ ಮೇಷ್ಟರಿಗೆ ಎರಡು ರೋಗಗಳು ತಪ್ಪದೆ ಬರುವುವು: ಒಂದು ಮಂಡಿನೋವು, ಮತ್ತೊಂದು ಉಪದೇಶ. ಮೊದಲನೆಯದಕ್ಕೆ ಎಣ್ಣೆಯುಂಟು. ಎರಡನೆಯದಕ್ಕೆ ನಮಗೆ ದೊರೆತ ಔಷಧವೇನೆಂಬುದನ್ನು ವಾಚಕರಿಗೆ ಹೇಳುವುದೇ ಈ ಬರವಣಿಗೆಯ ಉದ್ದೇಶ.

ಸಂಜೆಯ ಹೊತ್ತು ನದಿಯ ಕಡೆಗೆ ಹೋದರೆ ತೂಗುಸೇತುವೆಯ ಬಳಿ ಹುಡುಗರು ಗುಂಪುಗುಂಪಾಗಿ ನಿಂತಿರುವುದು ಕಾಣುವುದು. ಗುಂಪಾಗಿದ್ದರೂ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ. ಎಲ್ಲರ ದೃಷ್ಟಿಯೂ ಅವರವರ ಕೈಯಲ್ಲಿರುವ ಮೊಬೈಲಿನ ಮೇಲೆ. ಇದನ್ನು ಕಂಡ ಹಿರಿಯರು, "ಈಗಿನ ಹುಡುಗರು ಕೆಟ್ಟರು," ಎಂದು ಹೇಳಿ ಮನೆಗೆ ಹೋಗಿ ಊಟ ಮಾಡುವರು. ನಾವೂ ಹಾಗೆಯೇ ಹೇಳಿದೆವು. ಆದರೆ ಮೇಷ್ಟರ ಜಾತಿಯವರಾದುದರಿಂದ ಅಷ್ಟಕ್ಕೇ ಸುಮ್ಮನಿರಲಾರದೆ, ಊರಿನ ನಾಲ್ವರು ಗೃಹಸ್ಥರನ್ನು ಕೂಡಿಕೊಂಡು ತರುಣರಿಗಾಗಿ ಒಂದು ಸಂಘವನ್ನೇ ಸ್ಥಾಪಿಸಿದೆವು.

ಪ್ರಾರಂಭೋತ್ಸವವು ವಿಜೃಂಭಣೆಯಿಂದಲೇ ನಡೆಯಿತು. ಬಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು, ಹೂವಿನ ಹಾರ, ಧ್ವನಿವರ್ಧಕ, ಮೂರು ಭಾಷಣ. ಅವುಗಳಲ್ಲಿ ದೀರ್ಘವಾದುದು ನಮ್ಮದು. ಪಂಚತಂತ್ರದ ವಿಷ್ಣುಶರ್ಮನು ಎಂಬತ್ತರ ವಯಸ್ಸಿನಲ್ಲಿ ಮೂವರು ಮಂದಮತಿಗಳಾದ ರಾಜಕುಮಾರರನ್ನು ಆರೇ ತಿಂಗಳಲ್ಲಿ ನೀತಿನಿಪುಣರನ್ನಾಗಿ ಮಾಡಿದ ಕಥೆಯನ್ನು ನಾವು ಮುಕ್ಕಾಲು ಗಂಟೆ ವಿವರಿಸಿದೆವು. ಆ ದಿನ ನಲವತ್ತು ಮಂದಿ ಬಾಲಕ ಬಾಲಿಕೆಯರು ಬಂದಿದ್ದರು. ಎರಡನೆಯ ಭಾನುವಾರ ಹದಿನೆಂಟು. ನಾಲ್ಕನೆಯ ಭಾನುವಾರ ಮೂರು. ಐದನೆಯ ಭಾನುವಾರ ಹಾಸನದಲ್ಲಿ ನಂಟರ ಮದುವೆಯಿದ್ದುದರಿಂದ ಸ್ವತಃ ನಾವೇ ಹೋಗಲಿಲ್ಲ. ಆರನೆಯ ಭಾನುವಾರ ನಾವು ಹೋದಾಗ ಅಲ್ಲಿ ಒಂದು ನಾಯಿ ಮಲಗಿತ್ತು.

ಮನೆಗೆ ಬಂದು ಈಗಿನ ಕಾಲವನ್ನು ಹಳಿಯುತ್ತ ಕುಳಿತೆವು. ಒಳಗೆ ಅಕ್ಕಿ ಆರಿಸುತ್ತಿದ್ದ ನಮ್ಮ ಮನೆಯಾಕೆ ಎಲ್ಲವನ್ನೂ ಕೇಳಿ, "ಮೊದಲ ದಿನ ನಲವತ್ತು ಮಕ್ಕಳು ಬಂದಿದ್ದರು ಅಂದಿರಲ್ಲ, ಅವರಲ್ಲಿ ನಾಲ್ವರ ಹೆಸರು ಹೇಳಿ ನೋಡೋಣ," ಎಂದರು. ನಮಗೆ ಎರಡು ಹೆಸರು ನೆನಪಿಗೆ ಬಂದುವು. ಅವುಗಳಲ್ಲಿ ಒಂದು ತಪ್ಪೆಂದು ಆಮೇಲೆ ತಿಳಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನಿದ್ದೆ ಬಾರದ ರಾತ್ರಿ ನಮಗೆ ಯಾವಾಗಲೂ ಒಬ್ಬ ಹುಡುಗನ ನೆನಪಾಗುವುದು. ಅವನ ವಿಷಯವನ್ನು ಇದುವರೆಗೆ ನಾವು ಯಾರಿಗೂ ಹೇಳಿದವರಲ್ಲ. ಈಗ ಹೇಳದಿದ್ದರೆ ಮುಂದಿನ ಮಾತಿಗೆ ಆಧಾರವಿಲ್ಲದಂತಾಗುವುದು.

ನಮ್ಮದು ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಎಲೆ ಬಲಿತು ಕೊಯ್ಲಿಗೆ ಬರುವುದು. ಕೊಯ್ದ ಹಸಿರೆಲೆಯನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರವಾದ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುವರು. ಹೊರಗಿನ ಒಲೆಯಲ್ಲಿ ಸೌದೆಯನ್ನು ಉರಿಸಿ, ಅದರ ಕಾವನ್ನು ಕೊಳವೆಗಳ ಮೂಲಕ ಒಳಗೆ ಹಾಯಿಸಿ, ಐದಾರು ದಿನ ಹಗಲಿರುಳು ಕಾಯಿಸಬೇಕು. ಕಾವು ಮೆಲ್ಲಮೆಲ್ಲನೆ ಏರಬೇಕು. ಬೆಂಕಿ ಆರಿದರೂ ಎಲೆ ಕೆಟ್ಟಿತು, ಮಿತಿಮೀರಿದರೂ ಕೆಟ್ಟಿತು. ಕೆಟ್ಟರೆ ರಾಮನಾಥಪುರದ ಹರಾಜುಕಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ. ಆದುದರಿಂದ ರಾತ್ರಿಯೆಲ್ಲ ಒಲೆಯ ಮುಂದೆ ಯಾರಾದರೊಬ್ಬರು ಎಚ್ಚರವಾಗಿರಲೇಬೇಕು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯಲ್ಲಿ ನಾವು ವಿಭಕ್ತಿಗಳನ್ನು ಹೇಳಿಕೊಡುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತೂಕಡಿಸುತ್ತಿದ್ದನು. ಎರಡು ಸಲ ಎಚ್ಚರಿಸಿದೆವು. ಮೂರನೆಯ ಸಲ, "ಕುಂಭಕರ್ಣ ಮಹಾರಾಯರೇ, ತಮಗೆ ಹೊರಗೆ ಗಾಳಿ ಚೆನ್ನಾಗಿರುತ್ತದೆ," ಎಂದು ಬಾಗಿಲ ಹೊರಗೆ ನಿಲ್ಲಿಸಿದೆವು. ತರಗತಿಯೆಲ್ಲ ನಕ್ಕಿತು. ನಮ್ಮ ಹಾಸ್ಯಕ್ಕೆ ನಾವೂ ಸ್ವಲ್ಪ ಹಿಗ್ಗಿದೆವೆಂದು ಒಪ್ಪಿಕೊಳ್ಳಬೇಕು. ಹೀಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಅವನು ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಮಾರ್ಗಶಿರ ಮಾಸದಲ್ಲಿ ರಾಮನಾಥಪುರದ ಷಷ್ಠಿಯ ಜಾತ್ರೆಗೆ ಹೋಗಿದ್ದಾಗ ಅವನ ತಾಯಿ ಕಣ್ಣಿಗೆ ಬಿದ್ದರು. "ಮಗನನ್ನು ಶಾಲೆ ಬಿಡಿಸಿದಿರೇನಮ್ಮ?" ಎಂದು ಕೇಳಿದೆವು. ಆಕೆ ತಲೆ ಬಗ್ಗಿಸಿ, "ಅವರಪ್ಪನಿಗೆ ಕಾಲು ಮುರಿದಿತ್ತು ಮೇಷ್ಟ್ರೇ. ಒಲೆ ಕಾಯೋಕೆ ಬೇರೆ ಯಾರೂ ಇರಲಿಲ್ಲ. ರಾತ್ರಿಯೆಲ್ಲ ಅವನೇ ಕಾಯ್ತಿದ್ದ. ಬೆಳಗ್ಗೆ ಮಲಕ್ಕೊಳೋ ಅಂದ್ರೆ, ಮೇಷ್ಟ್ರ ಪಾಠ ತಪ್ಪೋಗುತ್ತೆ ಅಂತ ತಣ್ಣೀರು ಮಿಂದು ಓಡಿಬರ್ತಿದ್ದ," ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆ ಸ್ವಲ್ಪವೂ ಇರಲಿಲ್ಲ. ಅದೇ ನಮಗೆ ದುಸ್ಸಹವಾಯಿತು.

ತೂಕಡಿಸುತ್ತಿದ್ದ ಆ ಹುಡುಗನು ತರಗತಿಯಲ್ಲೆಲ್ಲ ಹೆಚ್ಚು ಶ್ರದ್ಧೆಯುಳ್ಳವನಾಗಿದ್ದನು. ಅದನ್ನು ತಿಳಿಯುವುದಕ್ಕೆ ಒಂದೇ ಒಂದು ಪ್ರಶ್ನೆ ಸಾಕಾಗಿತ್ತು: "ರಾತ್ರಿ ನಿದ್ದೆ ಮಾಡಲಿಲ್ಲವೇನಪ್ಪಾ?" ಸಹಸ್ರಾರು ಪ್ರಶ್ನೆಗಳನ್ನು ಕೇಳಿ ಅಂಕಗಳನ್ನು ಹಾಕಿದ ನಾವು ಈ ಪ್ರಶ್ನೆಯನ್ನು ಕೇಳಲಿಲ್ಲ.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವಿದೆ. ಅದರ ಮೊದಲ ಮಾತುಗಳು ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿಯೇ ಸ್ವಲ್ಪ ಮುಂದೆ ಆಚಾರ್ಯನು, ತಮ್ಮಲ್ಲಿ ಯಾವುದು ಒಳ್ಳೆಯ ನಡತೆಯೋ ಅದನ್ನು ಮಾತ್ರ ಅನುಸರಿಸಬೇಕು, ಮಿಕ್ಕುದನ್ನಲ್ಲ ಎಂದು ಶಿಷ್ಯನಿಗೆ ಹೇಳುವನು. ಈ ವಾಕ್ಯವನ್ನು ಎಷ್ಟೋ ಸಲ ಪಾಠ ಹೇಳಿದ್ದೆವು. ಗುರುವಾದವನು ತನ್ನಲ್ಲಿಯೂ ತಪ್ಪುಂಟೆಂದು ಶಿಷ್ಯನ ಮುಂದೆ ಒಪ್ಪಿಕೊಳ್ಳುತ್ತಿರುವನೆಂಬ ಅರ್ಥವು ಆ ಜಾತ್ರೆಯ ದಿನ ತಿಳಿಯಿತು. ತಿಳಿದೂ ಇಪ್ಪತ್ತು ವರ್ಷಗಳಾದ ಮೇಲೆ ನಲವತ್ತು ಮಕ್ಕಳ ಮುಂದೆ ಮುಕ್ಕಾಲು ಗಂಟೆ ಭಾಷಣ ಮಾಡಿದೆವಲ್ಲ!

ಹಾಗಾದರೆ ಮಾಡಬೇಕಾದುದೇನು? ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ಅರಕಲಗೂಡು ತಾಲ್ಲೂಕಿನಲ್ಲಿ, ಇದೇ ಕಾವೇರಿಯ ದಡದಲ್ಲಿ, ರುದ್ರಪಟ್ಟಣವಿದೆ. ಚಿಕ್ಕ ಗ್ರಾಮ, ಸಂಗೀತಗಾರರ ಊರೆಂದು ನಾಡಿಗೆಲ್ಲ ಹೆಸರಾದುದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ತಮ್ಮ ಅಣ್ಣನವರಾದ ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಶಾಸ್ತ್ರಿಗಳ ಬಳಿ ಅಭ್ಯಾಸಮಾಡಿದರು. ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ತೊಂಬತ್ತು ದಾಟಿದ ಮೇಲೂ ಹಾಡುತ್ತ, ಕಲಿಸುತ್ತ ಇದ್ದು 2014ರಲ್ಲಿ ತೀರಿಕೊಂಡರು. ಅದೇ ಊರಿನವರಾದ ಆರ್.ಕೆ. ಪದ್ಮನಾಭ ಅವರು ಪಟ್ಟಣದಲ್ಲಿ ಕೀರ್ತಿ ಪಡೆದಮೇಲೆ ಊರನ್ನು ಮರೆಯದೆ, ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಕಟ್ಟಿಸಿ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದರು. ಇಷ್ಟು ಸಣ್ಣ ಊರಿನಿಂದ ಇಷ್ಟು ಮಂದಿ ಗಾಯಕರು ಹುಟ್ಟಿದುದಕ್ಕೆ ಕಾವೇರಿಯ ನೀರೇ ಕಾರಣವೆಂದು ಕೆಲವರು ವಿನೋದಕ್ಕೆ ಹೇಳುವರು. ನೀರು ನಮ್ಮೂರಿಗೂ ಅದೇ! ಪಕ್ಕದಲ್ಲಿ ಕುಳಿತು, ಅಪಸ್ವರ ಬಂದೆಡೆಯಲ್ಲಿ ತಡೆದು, ಮರುದಿನವೂ ಅದೇ ಹೊತ್ತಿಗೆ ಬಂದು ಕುಳಿತುಕೊಳ್ಳುವ ಹಿರಿಯರೊಬ್ಬರು ಮನೆಯಲ್ಲಿಯೇ ಇದ್ದರು. ನಿಜವಾದ ಕಾರಣ ಇದೆಂದು ನಮ್ಮ ನಂಬಿಕೆ.

ಇನ್ನು ಸಂಗೀತದಂಥ ವಿದ್ಯೆಯಿಲ್ಲದ ಸಾಮಾನ್ಯ ತರುಣರ ವಿಷಯ. ಹುಬ್ಬಳ್ಳಿಯ ಡಾಕ್ಟರ್ ನಾ.ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿ ಯುವಕರಿಗೆ ಶಿಸ್ತನ್ನೂ ಸೇವೆಯನ್ನೂ ಕಲಿಸಿದರು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಎಂಬವರು 1942ರ ಚಳವಳಿಯಲ್ಲಿ ಹದಿಮೂರು ವರ್ಷದ ಶಾಲಾಬಾಲಕನಾಗಿ ಬಂಧನಕ್ಕೊಳಗಾದವರು. ಅವರನ್ನು ಗುರುತಿಸಿ ಸೇವಾದಳದ ಕೆಲಸಕ್ಕೆ ದೆಹಲಿಗೆ ಕರೆದವರು ಹರ್ಡೀಕರರು. ಆ ಒಂದು ಕರೆಯ ಫಲ ಎಲ್ಲಿಯವರೆಗೆ ಹರಡಿತೆಂಬುದನ್ನು ನೋಡಿ: ಸುಬ್ಬರಾಯರು ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದರು, 1972ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಅಲ್ಲಿ ಶಸ್ತ್ರಗಳನ್ನು ಒಪ್ಪಿಸಿದರು. ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಲ್ಲಿ ನಾನಾ ಪ್ರಾಂತಗಳ ತರುಣರು ಸುಬ್ಬರಾಯರೊಡನೆ ಮಣ್ಣು ಹೊತ್ತರು, ಹಾಡಿದರು, ಪ್ರಾರ್ಥನೆ ಮಾಡಿದರು. 2021ರಲ್ಲಿ ಅವರು ತೊಂಬತ್ತೆರಡರ ವಯಸ್ಸಿನಲ್ಲಿ ನಿಧನರಾದರು. ಅಷ್ಟು ದೊಡ್ಡ ಕಾರ್ಯ ನಮ್ಮಂಥವರಿಂದ ಸಾಧ್ಯವಲ್ಲ. ಆದರೆ ತರುಣರಿಗೆ ಹೇಳುವುದಕ್ಕಿಂತ ತರುಣರೊಡನೆ ಮಾಡುವುದು ಮೇಲೆಂಬ ಅದರ ಮರ್ಮವು ಜಗಲಿಯ ಮೇಲೆಯೂ ಸಾಧ್ಯವೆಂದು ತೋರಿತು.

ಆದಕಾರಣ ಸಂಘದ ಬಟ್ಟೆಯನ್ನು ಮಡಿಸಿ ಅಟ್ಟಕ್ಕೆ ಹಾಕಿ, ಗುರುವಾರ ಮತ್ತು ಭಾನುವಾರ ಸಂಜೆ ಐದರಿಂದ ಆರೂವರೆಯವರೆಗೆ ಜಗಲಿಯ ಮೇಲೆ ನಾವಿರುತ್ತೇವೆಂದು ಅಕ್ಕಪಕ್ಕದವರಿಗೆ ತಿಳಿಸಿದೆವು. ಮೊದಲ ದಿನ ಬಂದವರು ಇಬ್ಬರು. ಈಗ ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ಐವರು ಹೆಣ್ಣುಮಕ್ಕಳು. ಹನ್ನೊಂದಕ್ಕಿಂತ ಹೆಚ್ಚಾದರೆ ನಮಗೆ ಹೆಸರುಗಳು ನೆನಪಿರುವುದಿಲ್ಲವೆಂದು ಮನೆಯಾಕೆಯ ಅಭಿಪ್ರಾಯ. ಜಗಲಿಯು ಬೀದಿಗೆ ತೆರೆದುದು. ತಂದೆತಾಯಿಗಳು ಯಾವಾಗ ಬೇಕಾದರೂ ಬಂದು ಕೂರಬಹುದು. ಪರರ ಮಕ್ಕಳನ್ನು ಕೂಡಿಸುವವರು ಈ ತೆರೆದ ಬಾಗಿಲಿನ ನಿಯಮವನ್ನು ಎಂದಿಗೂ ಬಿಡಬಾರದೆಂದು ನಮ್ಮ ಸೂಚನೆ.

ಅಲ್ಲಿ ನಾವು ಮೊದಲು ಮಾಡುವ ಕೆಲಸ ಕೇಳುವುದು. ಕೊಯ್ಲಿನ ಕಾಲದಲ್ಲಿ ಯಾರ ಮನೆಯ ಒಲೆ ಉರಿಯುತ್ತಿದೆ, ಯಾರು ರಾತ್ರಿ ಕಾದರು, ಯಾರ ಮನೆಯಲ್ಲಿ ಕಾಯಿಲೆ. ನಿದ್ದೆಗೆಟ್ಟು ಬಂದವನಿಗೆ ಒಳಗಿನಿಂದ ಚಾಪೆ ಬರುವುದು. ಅವನು ಅರ್ಧ ಗಂಟೆ ಮಲಗಿದ ಮೇಲೆಯೇ ಪಾಠ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಎಂಬ ಕಾರ್ಯಕ್ರಮವು ನಮ್ಮ ರಾಜ್ಯದಲ್ಲಿ 2020ರಲ್ಲಿ ಆರಂಭವಾಯಿತು. ಪುಸ್ತಕವನ್ನು ಅಂಥಲ್ಲಿಂದ ತರಬಹುದು. ಓದಿದುದನ್ನು ಕೇಳುವ ಕಿವಿಯನ್ನು ಮಾತ್ರ ನಾವೇ ಕೊಡಬೇಕು.

ನಮಗೆ ಬಾರದುದನ್ನು ಬಲ್ಲವರು ಊರಿನಲ್ಲಿಯೇ ಇದ್ದಾರೆ. ಹಿಂದೆ ಹರಿಗೋಲು ನಡೆಸುತ್ತಿದ್ದ ವೃದ್ಧರೊಬ್ಬರು ಬೇಸಗೆಯಲ್ಲಿ, ನೀರು ಇಳಿದಿರುವಾಗ, ಪೋಷಕರ ಎದುರಿಗೆ ಹುಡುಗರಿಗೆ ಈಜು ಹೇಳಿಕೊಡುವರು. ಹೊಳೆಯಲ್ಲಿ ಸುಳಿ ಎಲ್ಲಿರುವುದು, ಕಟ್ಟೆಯ ಬಳಿ ಸೆಳೆತ ಹೇಗಿರುವುದು, ಮುಳುಗುವವನನ್ನು ಕಂಡರೆ ಹಿಂದುಮುಂದು ನೋಡದೆ ಹಾರದೆ ಹಗ್ಗವನ್ನೋ ಗಳುವನ್ನೋ ಚಾಚಬೇಕೆಂಬುದು, ಇವೆಲ್ಲ ಅವರ ಪಾಠ. ತರುಣರು ನೀರುಪಾಲಾದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವ ನಮಗೆ ಈ ಪಾಠದ ಮುಂದೆ ನಮ್ಮ ವಿಭಕ್ತಿಗಳು ಸಣ್ಣವಾಗಿ ತೋರುವುವು. ನಿವೃತ್ತರಾದ ದಾದಿಯೊಬ್ಬರು ಹೆಣ್ಣುಮಕ್ಕಳೊಡನೆ ಪ್ರತ್ಯೇಕವಾಗಿ ಮಾತಾಡುವರು. ಬ್ಯಾಂಕಿನಲ್ಲಿದ್ದವರೊಬ್ಬರು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವುದನ್ನು ಕಲಿಸಿದರು, ಅದೂ ಮೊಬೈಲಿನಲ್ಲಿಯೇ! ನಾವು ಹಳಿದಿದ್ದ ಆ ಯಂತ್ರವನ್ನು ಹಿಡಿಯುವ ಕ್ರಮವನ್ನು ನಮಗೆ ಕಲಿಸಿದವಳು ಎಂಟನೆಯ ತರಗತಿಯ ಹುಡುಗಿ.

ಇದರಿಂದ ಎಲ್ಲರೂ ಉದ್ಧಾರವಾದರೆಂದು ಹೇಳಲಾರೆವು. ಒಬ್ಬ ಹುಡುಗನು ಎರಡು ತಿಂಗಳು ಬಂದು, ಹೇಳದೆ ಬೆಂಗಳೂರಿಗೆ ಕೆಲಸಕ್ಕೆ ಹೊರಟುಹೋದನು. ಒಬ್ಬಳಿಗೆ ನಾವು ಬೇಡವೆಂದರೂ ಮನೆಯವರು ಓದು ಬಿಡಿಸಿದರು. ಅವರ ಮನೆಗೆ ನಾಲ್ಕು ಸಲ ಹೋಗಿ ಬಂದಿದ್ದೇವೆ, ಐದನೆಯ ಸಲವೂ ಹೋಗುವೆವು. ವಿಷ್ಣುಶರ್ಮನ ಆರು ತಿಂಗಳು ನಮಗೆ ಸಾಲದು. ಹೇಳಿದ ದಿನ, ಹೇಳಿದ ಹೊತ್ತಿಗೆ ಅಲ್ಲಿರುವುದೊಂದನ್ನು ಮಾತ್ರ ತಪ್ಪಿಸಿಲ್ಲ. ಮಕ್ಕಳು ಹಿರಿಯರ ವಿದ್ವತ್ತನ್ನು ಪರೀಕ್ಷಿಸಲಾರರು. ಬರುತ್ತೇವೆಂದವರು ಬಂದರೇ ಇಲ್ಲವೇ ಎಂಬುದನ್ನು ಚೆನ್ನಾಗಿ ಪರೀಕ್ಷಿಸಬಲ್ಲರು.

ಕಳೆದ ಆಷಾಢದಲ್ಲಿ ಒಂದು ಸಂಜೆ ಸರಕು ಸಾಗಿಸುವ ಸಣ್ಣ ಗಾಡಿಯೊಂದು ಮನೆಯ ಮುಂದೆ ನಿಂತಿತು. ಮೂವತ್ತೈದರ ಪ್ರಾಯದವನೊಬ್ಬನು ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಕರೆದುಕೊಂಡು ಇಳಿದನು. ಮುಖವನ್ನು ನೋಡಿದೊಡನೆ ನಮಗೆ ಗುರುತು ಸಿಕ್ಕಿತು, ಎದ್ದುನಿಂತೆವು. "ಕೂತ್ಕೊಳ್ಳಿ ಮೇಷ್ಟ್ರೇ," ಎಂದು ಅವನೇ ಸಂಕೋಚಪಟ್ಟನು. "ಇವನು ನಮ್ಮಕ್ಕನ ಮಗ. ನಿಮ್ಮ ಜಗಲೀಲಿ ಮಕ್ಕಳು ಸೇರ್ತಾರೆ ಅಂತ ಕೇಳ್ದೆ. ಇವನನ್ನೂ ಸೇರಿಸ್ಕೊಳ್ಳಿ. ಬೈದ್ರೂ ಚಿಂತೆಯಿಲ್ಲ. ಹೊರಗೆ ಮಾತ್ರ ನಿಲ್ಲಿಸ್ಬೇಡಿ."

ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಹೇಳಿದೆವು: "ತಪ್ಪು ನಮ್ಮದಪ್ಪಾ. ಅಂದು ನಿನ್ನನ್ನು ಕೇಳಬೇಕಾಗಿತ್ತು." ಅವನು ಉತ್ತರ ಹೇಳಲಿಲ್ಲ. ಗಾಡಿಯ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಬೀದಿಯ ಕಡೆ ನೋಡುತ್ತಿದ್ದು, "ಒಳಗೆ ಅಮ್ಮಾವ್ರು ಚೆನ್ನಾಗಿದಾರಾ?" ಎಂದು ಕೇಳಿದನು. ಮನೆಯಾಕೆ ಕಾಫಿ ತಂದುಕೊಟ್ಟರು. ಕುಡಿದು, ನಮಸ್ಕಾರ ಮಾಡಿ ಹೊರಟನು. ಕ್ಷಮಿಸಿದನೋ ಇಲ್ಲವೋ ತಿಳಿಯದು. ತನ್ನ ಹುಡುಗನನ್ನು ಬಿಟ್ಟುಹೋದನು. ಅಷ್ಟು ನಮಗೆ ಸಾಕು.

ಈ ಬರವಣಿಗೆಯನ್ನು ಓದುವ ಗೃಹಸ್ಥರಲ್ಲಿ ಅನೇಕರ ಮನೆಗೆ ಈಗ ಜಗಲಿ ಇರಲಾರದು. ಎರಡು ಕುರ್ಚಿಗಳಂತೂ ಇದ್ದೇ ಇರುವುವು. ವಾರದಲ್ಲಿ ಒಂದು ಸಂಜೆ, ಬಾಗಿಲು ತೆರೆದಿಟ್ಟು, ನೆರೆಮನೆಯ ಒಂದು ಮಗುವಿನ ಎದುರಿಗೆ ಕುಳಿತರೆ ಸಾಕು. ಮೊದಲು ಕೇಳಿರಿ; ಹೇಳುವುದು ಆಮೇಲೆ. ಇಷ್ಟು ಬರೆಯುವಷ್ಟರಲ್ಲಿ ಗುರುವಾರದ ಐದು ಗಂಟೆಯಾಯಿತು. ಹೊರಗೆ ಚಪ್ಪಲಿಗಳ ಸದ್ದು ಕೇಳುತ್ತಿದೆ, ನಾವು ಏಳಬೇಕು.