ಗೋಡೆ, ಬಿಸಿಲು, ಹೀಲಿಯಂ: ಕೆಲವು ಟಿಪ್ಪಣಿಗಳು

1
ದೋಹಾದ ಮದೀನತ್ ಖಲೀಫಾ, ಜುಲೈ. ನಲ್ಲಿಯನ್ನು ನೀಲಿ ಗುರುತಿನ ಕಡೆ ತಿರುಗಿಸಿದರೆ ಬಿಸಿನೀರು. ಟ್ಯಾಂಕು ತಾರಸಿಯ ಮೇಲಿದೆ. ಗೀಸರ್ ಆಫ್ ಮಾಡಿಟ್ಟು ಕೆಂಪು ಕಡೆ ತಿರುಗಿಸಿದರೆ ತಕ್ಕಮಟ್ಟಿಗೆ ತಣ್ಣೀರು. ಗೀಸರ್ ಇರುವುದು ಎಸಿ ಹಾಕಿದ ಮನೆಯೊಳಗೆ. ಊರಿಂದ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವ ಪಾಠ ಇದು.

2
ನಡುಹಗಲ ಬಿಸಿಲು ಒಂದು ಚದರ ಮೀಟರಿಗೆ ಸುರಿಯುವುದು ಸುಮಾರು 1 ಕಿಲೋವ್ಯಾಟ್. ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ, ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅಷ್ಟು ಬಿಸಿಲಿಗೇ ಇಷ್ಟು ಕಾನೂನು.

3
ದಕ್ಷಿಣ ಫ್ರಾನ್ಸಿನ ಕಡರಾಶ್‌ನಲ್ಲಿ ಕಟ್ಟುತ್ತಿರುವ ಈಟರ್, ಬೈಜಿಕ ಸಮ್ಮಿಲನದ ರಿಯಾಕ್ಟರು. ಅದರ ತಳದಲ್ಲಿ ಡೈವರ್ಟರ್ ಎಂಬ ಭಾಗ. ಅಲ್ಲಿ ಒಂದು ಚದರ ಮೀಟರ್ ತಡೆದುಕೊಳ್ಳಬೇಕಾದದ್ದು 10 ಮೆಗಾವ್ಯಾಟ್. ಒಮ್ಮೊಮ್ಮೆ, ಕೆಲವು ಸೆಕೆಂಡು, 20. ಅಂದರೆ ಹತ್ತಿಪ್ಪತ್ತು ಸಾವಿರ ಬಿಸಿಲು. ಸೂರ್ಯನ ಮೈ ಚದರ ಮೀಟರಿಗೆ ಹೊರಸೂಸುವುದು ಸುಮಾರು 63 ಮೆಗಾವ್ಯಾಟ್.

4
ಒಳಗಿನ ಪ್ಲಾಸ್ಮಾ, ಅಂದರೆ ವಿದ್ಯುದಂಶ ಹೊತ್ತ ಕಣಗಳ ಅನಿಲ, 15 ಕೋಟಿ ಡಿಗ್ರಿ. ತೂಕ ಒಂದು ಗ್ರಾಮೂ ಇಲ್ಲ.

5
ಆ ಪ್ಲಾಸ್ಮಾ ಗೋಡೆಗೆ ತಾಗದಿರಲೆಂದು ಅಯಸ್ಕಾಂತ. ಆದರೆ ಸಮ್ಮಿಲನದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ನ್ಯೂಟ್ರಾನುಗಳದು. ಅವಕ್ಕೆ ವಿದ್ಯುದಂಶವಿಲ್ಲ, ಅಯಸ್ಕಾಂತದ ಮಾತು ಕೇಳುವುದಿಲ್ಲ. ನೇರ ಗೋಡೆಯೊಳಕ್ಕೆ ನುಗ್ಗಿ ಆಳದಲ್ಲಿ ಬಿಸಿಯಾಗಿಸುತ್ತವೆ. ಉಳಿದ ಒಂದು ಪಾಲು ಸಮ್ಮಿಲನದಲ್ಲಿ ಹುಟ್ಟುವ ಹೀಲಿಯಂ ಪಾಲಿಗೆ. ಅದು ಪ್ಲಾಸ್ಮಾವನ್ನು ಕಾಯಿಸುತ್ತದೆ. ಕೊನೆಗೆ ಆ ಶಾಖವೂ ಅಂಚಿಗೆ ಬಂದು ಡೈವರ್ಟರಿನ ಮೇಲೆ ಕಿರಿದಾದ ಪಟ್ಟಿಯಲ್ಲಿ ಬೀಳುತ್ತದೆ. ಗೋಡೆ ದೊಡ್ಡದು, ಪೆಟ್ಟು ತಿನ್ನುವ ಜಾಗ ಚಿಕ್ಕದು.

6
ಪೆಟ್ಟು ತಿನ್ನುವುದು ಟಂಗ್‌ಸ್ಟನ್. ಕರಗುವುದು 3422 ಡಿಗ್ರಿಯಲ್ಲಿ, ಲೋಹಗಳಲ್ಲೆಲ್ಲ ಹೆಚ್ಚು. ಅದರೊಳಗೆ ತಾಮ್ರದ ಮಿಶ್ರಲೋಹದ ಕೊಳವೆ. ಕೊಳವೆಯಲ್ಲಿ ನೀರು, ಕುದಿಯದಂತೆ ಒತ್ತಡ ಹಾಕಿಟ್ಟ ನೀರು. ಇಷ್ಟೆಲ್ಲ ಮಾಡಿ ಕೊನೆಗೆ ನೀರು.

7
ರಾತ್ರಿ ಒಂಬತ್ತು. ಮನೆಯ ಪಡುಗಡೆಯ ಗೋಡೆ ಮುಟ್ಟಿದರೆ ಇನ್ನೂ ಬೆಚ್ಚಗೆ. ನೆರೆಮನೆಯವರು ಮಂಚವನ್ನು ಆ ಗೋಡೆಯಿಂದ ಒಂದು ಗೇಣು ಆಚೆ ಸರಿಸಿದ್ದಾರೆ. ನಾವೂ.

8
ಬಿಸಿ ಟಂಗ್‌ಸ್ಟನ್ ಮೇಲೆ ಹೀಲಿಯಂ ಸತತ ಬಡಿದರೆ ಒಳಗೆ ಸೂಕ್ಷ್ಮ ಗುಳ್ಳೆಗಳೇಳುತ್ತವೆ, ಮೇಲೆ ಲೋಹದ ರೋಮ ಬೆಳೆಯುತ್ತದೆ. ನ್ಯಾನೋಮೀಟರ್ ಲೆಕ್ಕದ ಎಳೆಗಳು. ಹೊಳೆಯುತ್ತಿದ್ದ ಲೋಹ ಕಪ್ಪಗಾಗುತ್ತದೆ. ಪ್ರಯೋಗಶಾಲೆಗಳಲ್ಲಿ ಇದನ್ನು ಬೆಳೆಸಿ ನೋಡಿದ್ದಾರೆ.

9
ದೋಹಾದ ಉತ್ತರಕ್ಕೆ ರಾಸ್ ಲಫಾನ್. ನೆಲದಡಿಯ ಅನಿಲದಿಂದ ಹೀಲಿಯಂ ಬೇರ್ಪಡಿಸುವ ಜಾಗ. ಜಗತ್ತಿಗೆ ಹೀಲಿಯಂ ಕೊಡುವ ದೇಶಗಳಲ್ಲಿ ಕತಾರ್ ಮುಂಚೂಣಿಯದು. 2017ರ ಜೂನ್‌ನಲ್ಲಿ ನೆರೆ ದೇಶಗಳು ದಿಗ್ಬಂಧನ ಹಾಕಿದಾಗ ಆಗ ಇಲ್ಲಿದ್ದ ಎರಡೂ ಘಟಕ ನಿಂತವು.

10
ಈಟರ್ ಗೋಡೆಯ ಒಳಗಡೆ ಹೀಲಿಯಂ ಎಂದರೆ ಉರಿದು ಉಳಿದ ಬೂದಿ. ಗೋಡೆಯ ಆಚೆ, ಕೆಲವೇ ಮೀಟರ್ ದೂರದಲ್ಲಿ, ಹೀಲಿಯಂ ಎಂದರೆ ಅಯಸ್ಕಾಂತ ತಣಿಸುವ ದ್ರವ: ಮೈನಸ್ 269 ಡಿಗ್ರಿ.

11
ಈಟರಿನ ನಿರ್ವಾತ ಪಾತ್ರೆಗೆ ಎರಡು ಗೋಡೆ. ನಡುವಿನ ಸಂದಿಗೆ ತುಂಬಲು ಉಕ್ಕಿನ ದಿಮ್ಮಿಗಳು, ನ್ಯೂಟ್ರಾನ್ ತಡೆಯುವುದಕ್ಕೆ. ಹಲವುಗಳಲ್ಲಿ ಬೋರಾನ್ ಬೆರೆತಿದೆ. ಈ ದಿಮ್ಮಿಗಳು ಭಾರತದ ಪಾಲಿನ ಕೆಲಸ. ಮಾಡಿದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್. ಬೆಂಗಳೂರಿನವರಿಗೆ ಹೇಳಿದರೆ ಬಹಳ ಮಂದಿ ನಂಬುವುದಿಲ್ಲ.

12
ಪ್ಲಾಸ್ಮಾಕ್ಕೆ ಎದುರಾದ ಮೊದಲ ಗೋಡೆಗೆ ಬೆರಿಲಿಯಂ ಎಂದು ವರ್ಷಗಟ್ಟಲೆ ನಿಶ್ಚಯವಾಗಿತ್ತು. 2023ರಲ್ಲಿ ಟಂಗ್‌ಸ್ಟನ್ ಎಂದಾಯಿತು. ಬೆರಿಲಿಯಂ ವಿಷ, ಬೇಗ ಕರಗುತ್ತದೆ. ಆದರೆ ಅದರ ಚೂರು ಪ್ಲಾಸ್ಮಾಕ್ಕೆ ಬಿದ್ದರೆ ಅಷ್ಟು ನಷ್ಟವಿಲ್ಲ. ಟಂಗ್‌ಸ್ಟನ್ ಗಟ್ಟಿ, ಅದರ ಪರಮಾಣು ಸ್ವಲ್ಪ ಹೆಚ್ಚು ಒಳಸೇರಿದರೂ ಪ್ಲಾಸ್ಮಾ ತಣ್ಣಗಾಗುತ್ತದೆ.

13
ಕಡರಾಶ್‌ನಲ್ಲೇ ಇನ್ನೊಂದು ಯಂತ್ರವಿದೆ, ವೆಸ್ಟ್. ಟಂಗ್‌ಸ್ಟನ್ ಡೈವರ್ಟರಿನದು. 2025ರ ಫೆಬ್ರವರಿ 12ರಂದು ಪ್ಲಾಸ್ಮಾವನ್ನು 1337 ಸೆಕೆಂಡು ಹಿಡಿದಿಟ್ಟಿತು. ಇಪ್ಪತ್ತೆರಡು ನಿಮಿಷ ಚಿಲ್ಲರೆ.

14
ಈಟರಿನ ಡೈವರ್ಟರ್ 54 ತುಂಡುಗಳದು, ಒಂದೊಂದೂ ಸುಮಾರು 10 ಟನ್. ಸವೆದ ಮೇಲೆ ಬದಲಿಸಬೇಕು. ರಿಯಾಕ್ಟರು ಓಡಿದ ಮೇಲೆ ಮನುಷ್ಯರು ಒಳಗೆ ಹೋಗುವಂತಿಲ್ಲ. ಬದಲಿಸುವುದು ಯಂತ್ರದ ಕೈ.