ಮೂರನೆಯವರಿಲ್ಲದ ಕಾಗದ

ಗುಮಾಸ್ತರ ಬದುಕೆಂದರೆ ಪರರ ಕಾಗದ ಓದುವ ಬದುಕು. ಬಿ.ಎಸ್ಸಿ.ಯಲ್ಲಿ ಆಮ್ಲ, ಪ್ರತ್ಯಾಮ್ಲಗಳನ್ನು ಓದಿ ಬಂದ ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವುದು ಇದನ್ನೇ. ಕಚೇರಿಯ ಕಾಗದವನ್ನು ಯಾರು ಓದಿದರೂ ಒಂದೇ. ಅದರಲ್ಲಿ ಬರೆದವರೂ ಇರುವುದಿಲ್ಲ, ಓದುವವರೂ ಇರುವುದಿಲ್ಲ. ಆದರೆ ಒಬ್ಬರು ಇನ್ನೊಬ್ಬರಿಗೆಂದೇ ಬರೆದ ಕಾಗದವನ್ನು ಮೂರನೆಯವರು ಓದಿ ಹೇಳಬೇಕಾಗಿ ಬಂದರೆ ಏನಾಗುತ್ತದೆ ಎಂಬುದನ್ನು ನಾವು ಕಂಡದ್ದು ಕಚೇರಿಯಲ್ಲಲ್ಲ, ತಾರ್ನಾಕದ ನಮ್ಮ ಮನೆಯಲ್ಲಿ.

ತಾರ್ನಾಕ ವಿದ್ಯಾವಂತರ ಬಡಾವಣೆ. ಒಂದು ಮಗ್ಗುಲಿಗೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಇನ್ನೊಂದು ಮಗ್ಗುಲಿಗೆ ರಾಷ್ಟ್ರೀಯ ಪೋಷಣ ಸಂಸ್ಥೆ. ಇಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟರೆ ಎದುರಾಗುವವರಲ್ಲಿ ಡಾಕ್ಟರೇಟ್ ಇಲ್ಲದವರನ್ನು ಹುಡುಕಬೇಕು. ಅದೇ ಹೊತ್ತಿಗೆ ಅದೇ ಬೀದಿಯಲ್ಲಿ, ಆ ಮನೆಗಳ ಪಾತ್ರೆ ತೊಳೆಯಲು ಬರುವ ಹೆಂಗಸರೂ ಎದುರಾಗುತ್ತಾರೆ. ಅವರಲ್ಲಿ ಹಲವರಿಗೆ ಬಸ್ಸಿನ ಬೋರ್ಡನ್ನು ಯಾರಾದರೂ ಓದಿ ಹೇಳಬೇಕು.

ನಮ್ಮ ಮನೆಗೆ ಬರುವಾಕೆ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವಳು. ಹದಿನಾರಕ್ಕೆ ಮದುವೆ, ಈಗ ಮೂವತ್ತನಾಲ್ಕು. ಗಂಡ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವನು. ಮೂರು ವರ್ಷಗಳ ಹಿಂದೆ ಕಟ್ಟಡ ಕೆಲಸಕ್ಕೆಂದು ದುಬೈಗೆ ಹೋದ. ಮಗ ಇಲ್ಲಿ ತೆಲುಗು ಶಾಲೆಗೆ ಹೋಗುತ್ತಾನೆ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು.

ಈಗಿನ ಕಾಲದಲ್ಲಿ ಕಾಗದವೇಕೆ, ಫೋನಿನಲ್ಲಿ ಮಾತನಾಡಬಾರದೇ ಎಂದು ಓದುಗರು ಕೇಳಬಹುದು. ನಾವೂ ಕೇಳಿದೆವು. ಅಲ್ಲಿ ಆತ ಇರುವುದು ಹತ್ತು ಮಂದಿಯ ಕೋಣೆಯಲ್ಲಿ. ಇಲ್ಲಿ ಈಕೆ ಇರುವುದು ಅತ್ತೆ, ಇಬ್ಬರು ಮಕ್ಕಳು ಮಲಗುವ ಒಂದೇ ಕೋಣೆಯಲ್ಲಿ. ಆಡಿದ ಮಾತು ಅಲ್ಲಿ ಹತ್ತು ಕಿವಿಗೆ, ಇಲ್ಲಿ ಮೂರು ಕಿವಿಗೆ ಬೀಳುತ್ತದೆ. ಹೀಗಾಗಿ ಫೋನಿನಲ್ಲಿ ಆಡುತ್ತಿದ್ದುದೆಲ್ಲ ಹಣ, ಫೀಸು, ಅತ್ತೆಯ ಮೊಣಕಾಲು ನೋವು ಇಷ್ಟೇ. ಕೊನೆಗೆ ಆತ ನೋಟುಬುಕ್ಕಿನ ಹಾಳೆಯಲ್ಲಿ ಬರೆದು, ಅದರ ಫೋಟೋ ತೆಗೆದು ಕಳಿಸತೊಡಗಿದ. ಆಕೆ ಫೋನನ್ನು ತಂದು ನಮ್ಮ ಕೈಯಲ್ಲಿಟ್ಟಳು.

ನಾವು ಓದಿ ಹೇಳುತ್ತಿದ್ದೆವು. ಅದರಲ್ಲಿಯೂ ಹಣ, ಫೀಸು, ಮೊಣಕಾಲು! ಓದುವವರು ಸಾರ್ ಎಂದು ಆತನಿಗೂ ಗೊತ್ತು. ಸಾರ್ ಓದಬಹುದಾದಷ್ಟನ್ನೇ ಆತ ಬರೆದ. ಒಮ್ಮೆ ಮಾತ್ರ ಅರ್ಧ ಸಾಲು ಬರೆದು ಹೊಡೆದುಹಾಕಿದ್ದ. 'ಅಲ್ಲೇನದಾರೀ?' ಎಂದು ಆಕೆ ಬೆರಳಿಟ್ಟು ತೋರಿಸಿ ಕೇಳಿದಳು. ಹೊಡೆದದ್ದು ಕಾಣುವುದಿಲ್ಲವೆಂದೆವು. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ಮಾರನೆಯ ದಿನ ಪಾತ್ರೆ ತೊಳೆದಾದ ಮೇಲೆ ನಮ್ಮ ಮನೆಯವರ ಬಳಿ ಕೇಳಿದಳು: 'ಅಮ್ಮಾರ, ಈ ವಯಸ್ಸಿನ್ಯಾಗ ನನಗ ಅಕ್ಷರ ಹತ್ತತಾವೇನ್ರಿ?'

ಹತ್ತುತ್ತವೆ ಎನ್ನಲು ನಮ್ಮ ಮನೆಯಲ್ಲೇ ಸಾಕ್ಷಿಯಿತ್ತು. ಬೀದರಿನವರಾದ ನಮ್ಮ ಅಜ್ಜ ನಿಜಾಮರ ಆಳ್ವಿಕೆಯಲ್ಲಿ ಉರ್ದು ಓದಿದವರು. ಮಾತು ಕನ್ನಡ, ಬರಹ ಉರ್ದು. ಆ ಕಾಲದಲ್ಲಿ ನಮ್ಮ ಕಡೆ ಇಂಥವರು ಬಹಳ. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದಾಗ ಕನ್ನಡ ಅಕ್ಷರ ಬೇಕಾಯಿತು. ನಮ್ಮ ತಂದೆ ಪಾಟಿಯ ಮೇಲೆ ಅಕ್ಷರ ತಿದ್ದುವಾಗ ಪಕ್ಕದಲ್ಲಿ ಕೂತು ಅಜ್ಜನೂ ತಿದ್ದಿದರಂತೆ. ಆಗ ಅವರಿಗೂ ಮೂವತ್ತನಾಲ್ಕೇ ವರ್ಷ. ಇದನ್ನು ಕೇಳಿ ಆಕೆಗೆ ಧೈರ್ಯ ಬಂತು.

ಯುಗಾದಿಯ ಮಾರನೆಯ ದಿನ ಪಾಠ ಆರಂಭವಾಯಿತು. ದಿನಕ್ಕೆ ಅರ್ಧ ಗಂಟೆ. ಅ, ಆ, ಇ, ಈ ಎಂದು ಸಾಲಾಗಿ ಹೋಗದೆ, ಕರ್ನಾಟಕದ ಒಂದನೆಯ ತರಗತಿಯಲ್ಲಿ ಕಲಿಸುವಂತೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗಿದೆವು. ಐದು ಬಂದೊಡನೆ ಪದಗಳು ಹುಟ್ಟುತ್ತವೆ: ಸರ, ಗರಗಸ, ಅರಸ, ಅಗಸ. 'ಅರಸಗೂ ಅಗಸಗೂ ಅವೇ ಅಕ್ಷರ ಏನ್ರಿ!' ಎಂದು ಆಕೆ ನಕ್ಕಳು. ಬಿ.ಎಸ್ಸಿ. ಓದಿದ ನಮಗೆ ಅದು ಎಂದೂ ಹೊಳೆದಿರಲಿಲ್ಲ.

ವಯಸ್ಕರಿಗೆಂದು ನಮ್ಮ ದೇಶದಲ್ಲಿ ಯೋಜನೆಗಳಿಗೇನೂ ಕಡಿಮೆಯಿಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 2022ರಲ್ಲಿ ನವ ಭಾರತ ಸಾಕ್ಷರತಾ ಕಾರ್ಯಕ್ರಮ ಆರಂಭವಾದವು. ಅವುಗಳ ಫಲವನ್ನು ಹಗುರವಾಗಿ ಕಾಣುವಂತಿಲ್ಲ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಪಾಠದಿಂದ ಎಚ್ಚೆತ್ತು ಊರಿನ ಸಾರಾಯಿ ಅಂಗಡಿಯ ವಿರುದ್ಧ ನಿಂತರು. ಆ ಹೋರಾಟ ಊರೂರಿಗೆ ಹಬ್ಬಿ, 1993ರಲ್ಲಿ ಆಂಧ್ರಪ್ರದೇಶ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು. ಆದರೂ 2011ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಮಾತ್ರ ಅಕ್ಷರಸ್ಥರು. ಉಳಿದವರಲ್ಲಿ ನಮ್ಮಾಕೆಯಂಥವರು ಹೊಟ್ಟೆಪಾಡಿಗೆ ಗಡಿ ದಾಟಿ ಬಂದರೆ, ಅವರಿಗೆ ಕನ್ನಡ ಅಕ್ಷರ ಕಲಿಸುವವರು ಯಾರು?

ಆರೋಗ್ಯ, ಉಳಿತಾಯ, ರುಜು ಹಾಕುವುದು ಎಂದು ನಮ್ಮ ಮನೆಯವರು ಪಾಠದ ಪಟ್ಟಿ ಮಾಡಿಕೊಂಡಿದ್ದರು. ಆಕೆಗೆ ಅದಾವುದೂ ಬೇಡ. ಗಂಡನ ಹಾಳೆಗಳಲ್ಲಿ ಬರುವ ಅಕ್ಷರಗಳೇ ಬೇಕು. ಒತ್ತಕ್ಷರದ ಬಳಿ ಬಂದು ಒಂದು ತಿಂಗಳು ಒದ್ದಾಡಿದಳು. 'ಅಮ್ಮ', 'ಅಕ್ಕ', 'ರೊಟ್ಟಿ' ಸಾಧಿಸಿದ ಮೇಲೆ ದಾರಿ ಸಲೀಸಾಯಿತು. ಇನ್ನೊಂದು ಲಾಭ ಕೇಳದೆಯೇ ಬಂತು. ಕನ್ನಡ, ತೆಲುಗು ಲಿಪಿಗಳು ಒಂದೇ ಬಳ್ಳಿಯ ಎರಡು ಕುಡಿಗಳು. ತಲೆಕಟ್ಟು ಬೇರೆಯಾದರೂ ಮೈಕಟ್ಟು ಒಂದೇ. ಶ್ರಾವಣದ ಹೊತ್ತಿಗೆ ಬಸ್ಸಿನ ತೆಲುಗು ಬೋರ್ಡನ್ನು ತಾನೇ ಕೂಡಿಸಿ ಓದತೊಡಗಿದಳು. ಮಗ ಬೆರಗಾದ.

ದಸರೆಗೆ ಮುಂಚೆ ಒಂದು ಸಂಜೆ ಫೋನು ಕೂಗಿತು. ಹಾಳೆಯ ಫೋಟೋ ಬಂದಿತ್ತು. ರೂಢಿಯಂತೆ ನಾವು ಕನ್ನಡಕ ಹಾಕಿಕೊಂಡು ಕೈಚಾಚಿದೆವು. ಆಕೆ ಫೋನನ್ನು ಸೆರಗಿನೊಳಗೆ ಎಳೆದುಕೊಂಡು, 'ಇನ್ನ ನೀವು ಓದಬ್ಯಾಡ್ರಿ ಸಾರ್' ಎಂದಳು. ನೆಲ ನೋಡುತ್ತಲೇ ಹೇಳಿದಳು, ಆದರೆ ಗಟ್ಟಿಯಾಗಿ ಹೇಳಿದಳು. ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಮರೆಗೆ ಹೋದವಳು ಇಳಿದುಬರಲು ಮುಕ್ಕಾಲು ಗಂಟೆ. ಒಂದು ಹಾಳೆಗೆ ಅಷ್ಟು ಹೊತ್ತು ಬೇಕೇ ಎಂದು ನಾವು ಕೇಳಲಿಲ್ಲ. ಕಾಫಿ ನಾವೇ ಮಾಡಿಕೊಂಡೆವು.

ಇನ್ನು ಮೇಲೆ ತಾನೇ ಓದುವೆನೆಂದು ಆಕೆ ಮೊದಲೇ ಗಂಡನಿಗೆ ತಿಳಿಸಿದ್ದಳೆಂದು ಆಮೇಲೆ ಗೊತ್ತಾಯಿತು. ಮೂರನೆಯವರು ಸರಿದ ಮೇಲೆ ಆತನ ಕೈಗೂ ಮಾತು ಬಂದಿತ್ತು. ಏನು ಬರೆದನೋ ನಮಗೆ ತಿಳಿಯದು, ತಿಳಿಯಬೇಕಾದದ್ದೂ ಅಲ್ಲ. ನಮ್ಮ ಮನೆಯವರ ಬಳಿ ಆಕೆ ಹೇಳಿದ್ದು ಒಂದನ್ನೇ: ಬೆಳಗಿನ ಜಾವ ಎಚ್ಚರವಾದರೆ ಆಕೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದಂತಾಗುತ್ತದೆ ಎಂದು ಬರೆದಿದ್ದನಂತೆ. ಹೇಳಿ, ಸ್ವಲ್ಪ ತಡೆದು ಅಂದಳಂತೆ: 'ಹದಿನೆಂಟ ವರ್ಷ ಸಂಸಾರ ಮಾಡೀನ್ರಿ ಅಮ್ಮಾರ, ಈ ಮನಷಾನ ಗುರ್ತಾ ಇದ್ದಿಲ್ಲ ನನಗ.'

ಈಗ ಆಕೆಯೂ ಬರೆಯುತ್ತಾಳೆ. ಕಾಗುಣಿತ ತಪ್ಪಿದರೂ ನಮಗೆ ತೋರಿಸುವುದಿಲ್ಲ. ಪದ ಗೊತ್ತಾಗದಿದ್ದರೆ ಆ ಪದವೊಂದನ್ನೇ ಕೇಳಿಕೊಂಡು ಹೋಗುತ್ತಾಳೆ. ಮೊನ್ನೆ ಕೇಳಿದ್ದು 'ಕಣ್ಣೀರು' ಬರೆಯುವುದು ಹೇಗೆಂದು. ಅದಕ್ಕೆ ಮುಂಚೆ 'ಮಲ್ಲಿಗೆ'.

ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಗೆಲಸಕ್ಕೆ ಬರುವಾಕೆ, ಅಪಾರ್ಟ್‌ಮೆಂಟಿನ ಕಾವಲುಗಾರ, ಎದುರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವವರು, ಇವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯವರು ಒಬ್ಬರಾದರೂ ಇದ್ದಾರು. ಒಂದು ಪಾಟಿ, ಒಂದು ಬಳಪ, ದಿನಕ್ಕೆ ಅರ್ಧ ಗಂಟೆ ಸಾಕು. ಯಾರ ಕಾಗದ ಓದಬೇಕೆಂದಿದೆ ಎಂದು ಮೊದಲು ಕೇಳಿ, ಪಾಠವನ್ನು ಅಲ್ಲಿಂದಲೇ ತೊಡಗಿ. ಅವರು ಒಂದು ದಿನ ಇನ್ನು ನೀವು ಓದಬೇಡಿ ಎಂದಾಗ, ಮರುಮಾತಾಡದೆ ಎದ್ದು ಹೋಗಿ ನಿಮ್ಮ ಕಾಫಿ ನೀವೇ ಮಾಡಿಕೊಳ್ಳಿ.