ಹೂವಿನ ಶರ್ಟಿನ ಗಂಡಸರು

ಹೂವಿನ ಶರ್ಟು ತೊಟ್ಟ ಗಂಡಸು ಹೊನೊಲುಲುವಿನಲ್ಲಿ ಎದುರಾದರೆ ಆತ ವಕೀಲನೋ, ಬ್ಯಾಂಕ್ ಮ್ಯಾನೇಜರೋ, ಮಗಳ ಮದುವೆ ಮಾಡುತ್ತಿರುವ ಅಪ್ಪನೋ ಇರಬಹುದು. ಅಲ್ಲಿ ಅದು ಕಚೇರಿಗೆ, ಮದುವೆಗೆ, ಕಡೆಗೆ ಮಣ್ಣಿಗೂ ಹಾಕಿಕೊಂಡು ಹೋಗುವ ಮರ್ಯಾದಸ್ಥ ಉಡುಪು. ಅದೇ ಶರ್ಟು ತೊಟ್ಟು ಅದೇ ವಯಸ್ಸಿನ ಗಂಡಸು ಥಾಯ್ಲೆಂಡಿನ ಪಟ್ಟಾಯದಲ್ಲಿ ರಾತ್ರಿ ಹತ್ತರ ಮೇಲೆ ಕಾಣಿಸಿಕೊಂಡರೆ ಅವನ ಉದ್ಯೋಗ ಯಾರೂ ಕೇಳುವುದಿಲ್ಲ, ಅವನು ಬಂದ ಉದ್ದೇಶವೂ ಯಾರಿಗೂ ಗೊತ್ತಿಲ್ಲದ್ದಲ್ಲ. ಒಂದೇ ಬಟ್ಟೆಗೆ ಇಂಥ ಎರಡು ಹೆಸರು ಹೇಗೆ ಬಂದವೆಂಬ ಕುತೂಹಲ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ. ಅಂಥದ್ದೊಂದು ಶರ್ಟು ತೊಟ್ಟು ನಾನೂ ಆ ಬೀದಿಯಲ್ಲಿ ನಿಂತಿದ್ದೆ.

ನಮ್ಮದು ರಾಣೆಬೆನ್ನೂರಿನಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ. ಸಿಮೆಂಟ್ ಕಂಪನಿಯವರು ಮೊದಲೆಲ್ಲ ಸ್ಕೀಮಿನಲ್ಲಿ ಗೋಡೆ ಗಡಿಯಾರ, ಮಿಕ್ಸರು, ಬೆಳ್ಳಿ ನಾಣ್ಯ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಆಮೇಲೆ ಇಷ್ಟು ಟನ್ ಎತ್ತಿದವರಿಗೆ ಬ್ಯಾಂಕಾಕ್-ಪಟ್ಟಾಯ ಎಂದು ಶುರುವಾಯಿತು. ಮಳೆಗಾಲದಲ್ಲೂ ಗೋಡೌನು ತುಂಬಿಸಿಕೊಂಡು, ಬಡ್ಡಿಗೆ ಹಣ ತಂದು ಟಾರ್ಗೆಟ್ ಮುಟ್ಟಿದವರಿದ್ದಾರೆ. ಟಿಕೆಟ್ಟು ಡೀಲರಿಗೆ ಮಾತ್ರ.

"ಹೆಂಡರನ್ನ ಕರಕೊಂಡು ಹೋಗೂ ಹಂಗಿಲ್ಲೇನ್ರೀ?" ಎಂದು ನನ್ನ ಹೆಂಡತಿ ಕೇಳಿದಳು.

"ಸ್ಕೀಮಿನಾಗ ಇಲ್ಲ."

"ಸ್ಕೀಮ್ ಬರೆದಾವ ಗಂಡಸ ಇರಬೇಕು ತಗೋರಿ," ಎಂದು ಚಕ್ಕಲಿ ಡಬ್ಬಿ ಕಟ್ಟಿಕೊಟ್ಟಳು.

ನಮ್ಮ ಕಡೆಯ ವ್ಯಾಪಾರಸ್ಥರ ಉಡುಪು ಬಿಳಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನ ನೋಟು ಹೊರಗೆ ಕಾಣುವಷ್ಟು ತೆಳ್ಳಗೆ. ಕೆಳಗೆ ಬಿಳಿ ಪ್ಯಾಂಟು ಇಲ್ಲವೇ ಪಂಚೆ. ಬಿಳಿಯೆಲ್ಲ ಒಂದೇ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮಗೆ ಮಾತ್ರ ಆ ಬಿಳಿಯಲ್ಲೇ ದೊಡ್ಡ ಡೀಲರು ಯಾರು, ಸಬ್ ಡೀಲರು ಯಾರು, ಸಾಲ ಎತ್ತಿದವರು ಯಾರು, ಮುಂದಿನ ಸಲ ಜಿಲ್ಲಾ ಪಂಚಾಯಿತಿಗೆ ನಿಲ್ಲುವವರು ಯಾರು ಎಂಬುದೆಲ್ಲ ತಿಳಿಯುತ್ತದೆ. ಸುವರ್ಣಭೂಮಿ ವಿಮಾನ ನಿಲ್ದಾಣದ ವೀಸಾ ಸಾಲಿನಲ್ಲಿ ನಾವೆಲ್ಲ ಹಾಗೇ ಬಿಳಿಬಿಳಿಯಾಗಿ ನಿಂತಿದ್ದೆವು. ಆಗ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಇರಲಿಲ್ಲ, ಅದು ಬಂದದ್ದು 2023ರ ನವೆಂಬರಿನಲ್ಲಿ. ಒಬ್ಬೊಬ್ಬರೂ 10,000 ಬಾತ್ ಇದೆಯೆಂದು ತೋರಿಸಬೇಕಿತ್ತು. ನಮ್ಮ ಗುಂಪಿನ ಪಾಟೀಲರು ಇರುವ ನೋಟನ್ನೆಲ್ಲ ಬೀಸಣಿಗೆಯ ಹಾಗೆ ಹರಡಿ ಹಿಡಿದುಕೊಂಡೇ ಸಾಲು ಮುಗಿಯುವವರೆಗೂ ನಿಂತರು.

ಪಟ್ಟಾಯದ ಹೋಟೆಲಿನಲ್ಲಿ ಸಂಜೆ ಲಿಫ್ಟಿನ ಬಾಗಿಲು ತೆರೆದಾಗ ನಮ್ಮೂರಿನ ಬಿಳಿ ಪೂರ್ತಿ ಮಾಯವಾಗಿತ್ತು. ಗೌಡರ ಮೈಮೇಲೆ ದಾಸವಾಳ, ಶೆಟ್ಟರ ಬೆನ್ನಿನಲ್ಲಿ ಎರಡು ಗಿಳಿ, ಪಾಟೀಲರ ಹೊಟ್ಟೆಯ ಮೇಲೆ ಗಾಳಿಗೆ ಬಾಗಿದ ತೆಂಗಿನ ಮರ. ಹೈಸ್ಕೂಲು ಬಿಟ್ಟ ಮೇಲೆ ಬಿಸಿಲನ್ನೇ ಕಾಣದ ಮೊಣಕಾಲುಗಳು ಬರ್ಮುಡಾದ ಕೆಳಗಿಂದ ಇಣುಕಿ ನೋಡುತ್ತಿದ್ದವು. ರಾತ್ರಿಯಾದರೂ ಕೂಲಿಂಗ್ ಗ್ಲಾಸು, ಕಣ್ಣು ಉರಿಯುವಷ್ಟು ಸೆಂಟು, ಮೀಸೆಗೆ ಹೊಸ ಕಪ್ಪು. ಯಾರದೂ ಇನ್‌ಶರ್ಟ್ ಇಲ್ಲ. ಕೆಲವರು ಶರ್ಟನ್ನು ಗೋವಾದ ಬಾಗಾ ಬೀಚಿನ ರಸ್ತೆಬದಿಯಲ್ಲಿ ಮೊದಲೇ ಕೊಂಡು ಬೀರುವಿನಲ್ಲಿ ಅಡಗಿಸಿಟ್ಟಿದ್ದರಂತೆ. ಉಳಿದವರು, ನನ್ನನ್ನೂ ಸೇರಿಸಿ, ಪಟ್ಟಾಯದ ಬೀಚ್ ರಸ್ತೆಯಲ್ಲಿ ಇನ್ನೂರು ಬಾತಿಗೆ ತೆಗೆದುಕೊಂಡಿದ್ದೆವು. ಸಬ್ ಡೀಲರು ಹುಡುಗ ದೊಡ್ಡ ಡೀಲರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ಊರಿನಲ್ಲಿ ಅವನು ಅವರೆದುರು ಕುರ್ಚಿಯಲ್ಲೂ ಕೂರುವುದಿಲ್ಲ.

ಈ ಶರ್ಟಿನ ಹುಟ್ಟಿನಲ್ಲಿ ಇಂಥ ಯಾವ ದುರುದ್ದೇಶವೂ ಇಲ್ಲ. ಹವಾಯಿಯ ಕಬ್ಬು, ಅನಾನಸು ತೋಟಗಳಿಗೆ ಕೂಲಿಗೆಂದು ಜಪಾನಿನಿಂದ, ಚೀನಾದಿಂದ, ಫಿಲಿಪೀನ್ಸಿನಿಂದ ಜನ ಬಂದರು. ಅವರ ಹಿಂದೆಯೇ ಅವರ ಬಟ್ಟೆ, ಅವರ ದರ್ಜಿಗಳು ಬಂದರು. ಫಿಲಿಪಿನೋಗಳು ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಡುತ್ತಿದ್ದರು. ಜಪಾನಿಯರ ಬಳಿ ಬೇಸಿಗೆ ಕಿಮೊನೊದ ಚಿತ್ತಾರದ ಬಟ್ಟೆ ಇತ್ತು. ಎರಡೂ ಕೂಡಿ ಹೊನೊಲುಲುವಿನ ಅಂಗಡಿಗಳಲ್ಲಿ ಹೊಸ ಅಂಗಿಯಾಯಿತು. 1935ರಲ್ಲಿ ಮೂಸಾ-ಶಿಯಾ ಎಂಬ ಜಪಾನಿ ದರ್ಜಿ ಅಂಗಡಿ ಅಲ್ಲಿನ ಪತ್ರಿಕೆಯಲ್ಲಿ 'ಅಲೋಹಾ ಶರ್ಟು' ಎಂದು ಜಾಹೀರಾತು ಕೊಟ್ಟಿತು. ಅದಾದ ಸ್ವಲ್ಪ ಕಾಲಕ್ಕೆ ಎಲರಿ ಚುನ್ ಎಂಬ ಚೀನೀ ಮೂಲದ ವ್ಯಾಪಾರಿ ಆ ಹೆಸರನ್ನು ತನ್ನದಾಗಿ ನೋಂದಾಯಿಸಿಕೊಂಡ. ಯೇಲ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು ಅಪ್ಪನ ಬಟ್ಟೆ ಅಂಗಡಿಯಲ್ಲಿ ಕುಳಿತವನು. ಓದು ದಂಡವಾಯಿತೆಂದು ಅವನ ಬೀದಿಯಲ್ಲಿ ಯಾರೂ ಅಂದಿರಲಾರರು. ಮೊದಮೊದಲ ಶರ್ಟುಗಳಲ್ಲಿ ದಾಸವಾಳವೂ ಇರಲಿಲ್ಲ, ತೆಂಗಿನ ಮರವೂ ಇರಲಿಲ್ಲ. ಇದ್ದದ್ದು ಕೊಕ್ಕರೆ, ಬಿದಿರು, ಫ್ಯೂಜಿ ಪರ್ವತ. ಪ್ರವಾಸಿಗಳು ಹವಾಯಿಯಲ್ಲಿ ಹವಾಯಿಯನ್ನೇ ಕೇಳತೊಡಗಿದ ಮೇಲೆ ಅಲ್ಲಿನ ಹೂವು ಬಟ್ಟೆಗೆ ಇಳಿಯಿತು.

ಎರಡನೇ ಮಹಾಯುದ್ಧ ಬಂತು. ಹೊನೊಲುಲುವಿಗೆ ಬಂದಿಳಿದ ಅಮೆರಿಕದ ನಾವಿಕರು, ಸೈನಿಕರು ಹೋಟೆಲ್ ಸ್ಟ್ರೀಟ್ ಎಂಬಲ್ಲಿ ವೇಶ್ಯಾಗೃಹಗಳ ಮುಂದೆ ಹಗಲಿನಲ್ಲೇ ಸಾಲುಗಟ್ಟಿ ನಿಲ್ಲುತ್ತಿದ್ದರು. ದರ 3 ಡಾಲರ್, ಸಮಯ 3 ನಿಮಿಷ. ಪೊಲೀಸರ ಕಣ್ಗಾವಲಿನಲ್ಲೇ ನಡೆಯುತ್ತಿದ್ದ ವ್ಯವಹಾರ ಅದು. 1942ರಲ್ಲಿ ಆ ಹೆಂಗಸರು ಪೊಲೀಸರ ಕಟ್ಟುಪಾಡುಗಳ ವಿರುದ್ಧ ಮುಷ್ಕರವನ್ನೂ ಹೂಡಿದ್ದರು. 1944ರಲ್ಲಿ ಗವರ್ನರು ಎಲ್ಲಕ್ಕೂ ಬೀಗ ಹಾಕಿಸಿದ. ಆ ಸಾಲಿನ ಗಂಡಸರೆಲ್ಲ ಸಮವಸ್ತ್ರದಲ್ಲೇ ಇದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮುಖ ಮರೆಸಿಕೊಳ್ಳುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ, ಸಮವಸ್ತ್ರದಲ್ಲಿ ಎಲ್ಲರೂ ಒಂದೇ ಅಲ್ಲವೇ. ಹೂವಿನ ಶರ್ಟನ್ನು ಅವರು ಕೊಂಡದ್ದು ಊರಿಗೆ ಒಯ್ಯಲು. ಅವರ ಟ್ರಂಕಿನಲ್ಲಿ ಸೇರಿ ಅದು ಅಮೆರಿಕದ ಒಳನಾಡಿಗೆ ಹೋಯಿತು. 1951ರ ಡಿಸೆಂಬರಿನಲ್ಲಿ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಅಧ್ಯಕ್ಷ ಟ್ರೂಮನ್ನರೇ ಅದನ್ನು ತೊಟ್ಟು ನಕ್ಕರು. 1961ರಲ್ಲಿ ಎಲ್ವಿಸ್ ಪ್ರೀಸ್ಲಿ 'ಬ್ಲೂ ಹವಾಯಿ' ಚಿತ್ರದಲ್ಲಿ ತೊಟ್ಟ. ಅಲ್ಲಿಂದ ಮುಂದೆ ರಜೆಗೆ ಹೊರಟ ಗಂಡಸಿಗೆಲ್ಲ ಅದೇ ಗಣವೇಷ. ಹೊನೊಲುಲುವಿನವರಿಗೆ ಮಾತ್ರ ಪ್ರವಾಸಿಯಂತೆ ಕಾಣುವುದು ಮುಜುಗರ ಎನ್ನಿಸಿ, ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ ಹೊಲಿದ ಮಾಸಲು ಬಣ್ಣದ ಶರ್ಟುಗಳನ್ನು ಮೆಚ್ಚಿಕೊಂಡರು. ಇಂದಿಗೂ ಅಲ್ಲಿನ ದೊಡ್ಡ ಮನುಷ್ಯರ ಆಯ್ಕೆ ಅದೇ.

ಥಾಯ್ಲೆಂಡಿನ ಕಥೆಗೂ ಸೈನಿಕರೇ ನಾಯಕರು. ಪಟ್ಟಾಯ ಮೊದಲು ಮೀನುಗಾರರ ಹಳ್ಳಿ. ಈಶಾನ್ಯದ ಕೋರಾಟ್‌ನಿಂದ ಅಮೆರಿಕದ ಸೈನಿಕರ ಮೊದಲ ಗುಂಪು ವಿಹಾರಕ್ಕೆ ಬಂದ 1959ರಿಂದಲೇ ಅಲ್ಲಿನವರು ತಮ್ಮೂರಿನ ಚರಿತ್ರೆ ಹೇಳಲು ತೊಡಗುತ್ತಾರೆ. ವಿಯೆಟ್ನಾಂ ಯುದ್ಧ ಬಿಸಿಯೇರಿದಾಗ ಹತ್ತಿರದ ಉ-ತಪಾವ್ ನೆಲೆಯಿಂದ ಬಿ-52 ಬಾಂಬರುಗಳು ಹಾರತೊಡಗಿದವು. 1967ರಲ್ಲಿ, ಕಾಡಿನಲ್ಲಿ ಕಾದು ದಣಿದ ಸೈನಿಕರ 'ವಿಶ್ರಾಂತಿ ಮತ್ತು ಮನರಂಜನೆ'ಗೆ ಬ್ಯಾಂಕಾಕ್ ಒದಗಿಸುವ ಒಪ್ಪಂದವಾಯಿತು. ಐದು ದಿನದ ರಜೆ. ಬ್ಯಾಂಕಾಕ್, ಹಾಂಗ್‌ಕಾಂಗ್, ತೈಪೆ, ಸಿಡ್ನಿ, ಹೊನೊಲುಲು ಎಂದು ಊರು ಆರಿಸಿಕೊಳ್ಳಬಹುದಿತ್ತು. ಹೆಂಡತಿ ಅಮೆರಿಕದಿಂದ ಹಾರಿ ಬರಬಹುದಾದ್ದರಿಂದ ಮದುವೆಯಾದವರು ಹೆಚ್ಚಾಗಿ ಹೊನೊಲುಲುವಿಗೆ ಹೋದರು. ಬ್ರಹ್ಮಚಾರಿಗಳೂ, ಹಾಗೆಂದುಕೊಂಡವರೂ ಬ್ಯಾಂಕಾಕಿಗೆ. ನಮ್ಮ ಸ್ಕೀಮು ಬರೆದವರು ಈ ಪಟ್ಟಿಯನ್ನು ನೋಡಿರಲಿಕ್ಕಿಲ್ಲ, ಲೆಕ್ಕ ಮಾತ್ರ ಅದೇ.

ಬಂದಿಳಿದ ಸೈನಿಕ ಮೊದಲು ಸಮವಸ್ತ್ರ ಕಳಚಬೇಕಿತ್ತು. ಅವನಿಗೆ ಸಾದಾ ಬಟ್ಟೆ ಹೊಲಿದುಕೊಟ್ಟವರಲ್ಲಿ ನಮ್ಮ ದೇಶದಿಂದ ಹೋದ ದರ್ಜಿಗಳೂ ಇದ್ದರು. ಬ್ಯಾಂಕಾಕಿನಲ್ಲೂ ಪಟ್ಟಾಯದಲ್ಲೂ ಬಾಗಿಲಲ್ಲಿ ನಿಂತು "ಬಾಸ್, ಸೂಟು?" ಎಂದು ಕೈಕುಲುಕುವ ಪಂಜಾಬಿ ಅಂಗಡಿಗಳು ಈಗಲೂ ಸಾಲುಸಾಲು. ಅಂಥ ಒಬ್ಬರು ನನ್ನನ್ನು ಒಳಗೆ ಕೂರಿಸಿ ಚಹಾ ತರಿಸಿದರು. ಅವರ ತಂದೆ ಸೈನಿಕರಿಗೆ ಒಂದೇ ರಾತ್ರಿಯಲ್ಲಿ ಸೂಟು ಹೊಲಿದು ಕೊಡುತ್ತಿದ್ದರಂತೆ. ಆ ಹುಡುಗರಿಗೆ ಹೂವು ಬೇಡವಾಗಿತ್ತು, ಸೂಟು ಬೇಕಿತ್ತು. ಹೆಣ್ಣಿನ ಪಕ್ಕ ಕುಳಿತಾಗ ಸಿನಿಮಾದವರಂತೆ ಕಾಣಬೇಕಿತ್ತು ಎಂದರು. ಈಗಿನವರು ಹೇಗೆ ಎಂದೆ. ನನ್ನ ಶರ್ಟಿನ ಎದೆಯ ಮೇಲಿನ ಮಡಿಕೆಯ ಗೆರೆಗೆ ಬೆರಳು ತೋರಿಸಿ, "ಪ್ಯಾಕೆಟ್ಟಿನಿಂದ ತೆಗೆದ ಗೆರೆ ಇದು. ಈ ಗೆರೆ ಕಂಡರೆ ಬೀದಿಯ ಹುಡುಗಿಯರಿಗೆ ಗೊತ್ತು, ಮೊದಲನೇ ರಾತ್ರಿಯ ಗಿರಾಕಿ ಎಂದು. ಶರ್ಟು ಎಲ್ಲರೂ ಬದಲಾಯಿಸುತ್ತಾರೆ ಭಾಯಿಸಾಬ್, ಕಾಲಿನದು ಯಾರೂ ಬದಲಾಯಿಸುವುದಿಲ್ಲ," ಎಂದು ನಕ್ಕರು. ನಾನು ಕೆಳಗೆ ನೋಡಿಕೊಂಡೆ. ಬರ್ಮುಡಾ, ಅದರ ಕೆಳಗೆ ಊರಿನಲ್ಲಿ ಬ್ಯಾಂಕಿಗೆ ಹೋಗುವಾಗ ಹಾಕುವ ಕಪ್ಪು ಶೂ, ಕಾಲುಚೀಲ ಸಮೇತ.

ವಾಕಿಂಗ್ ಸ್ಟ್ರೀಟ್ ಎಂಬ ಆ ಬೀದಿಗೆ ಸಂಜೆಯಿಂದ ವಾಹನ ಬಿಡುವುದಿಲ್ಲ. ಅಲ್ಲಿ ದೇಶದೇಶದ ಗಂಡಸರನ್ನು ನಡಿಗೆಯಲ್ಲೇ ಗುರುತಿಸಬಹುದು. ಯುರೋಪಿನ ಮುದುಕ ಒಬ್ಬನೇ ಬರುತ್ತಾನೆ, ಆನೆ ಗುರುತಿನ ಬಿಯರ್ ಕಂಪನಿಯ ಬನಿಯನ್ ತೊಟ್ಟು, ತನ್ನದೇ ಎಂಬಂತಿರುವ ಸ್ಟೂಲಿನ ಮೇಲೆ ಕೂರುತ್ತಾನೆ. ಇಂಗ್ಲೆಂಡಿನ ಹುಡುಗರು ಮದುವೆ ಗೊತ್ತಾದ ಗೆಳೆಯನ ಹೆಸರು ಅಚ್ಚುಹಾಕಿಸಿದ ಒಂದೇ ಬಗೆಯ ಟೀ ಶರ್ಟಿನಲ್ಲಿ ಕೂಗಿಕೊಂಡು ಬರುತ್ತಾರೆ. ಇವರ ಕಾಟ ತಾಳದೆಯೇ ಆಮ್‌ಸ್ಟರ್‌ಡ್ಯಾಮ್ ನಗರಸಭೆ 2023ರಲ್ಲಿ, ಬರಬೇಡಿ ಎಂದೇ ಜಾಹೀರಾತು ಕೊಟ್ಟದ್ದು. ನಮ್ಮವರು ಹತ್ತು ಜನ ಒಟ್ಟಿಗೆ. ಕೈ ಬೆನ್ನ ಹಿಂದೆ, ಎಪಿಎಂಸಿಯಲ್ಲಿ ಮೆಣಸಿನಕಾಯಿ ನೋಡುವ ಹಾಗೆ ನಿಂತು ನಿಂತು ನೋಡುವುದು. ಒಳಗೆ ಹೋಗುವ ಮುಂಚೆ ಬಿಯರಿಗೆಷ್ಟು, ಕೂತರೆಷ್ಟು, ನಿಂತರೆಷ್ಟು ಎಂಬ ಚೌಕಾಸಿ. ಆಮೇಲೆ ಒಂದು ಬಾಟಲಿಗೆ ನಾಲ್ಕು ಗ್ಲಾಸು. ಬಾಗಿಲಲ್ಲಿದ್ದ ಹುಡುಗಿ ನಮ್ಮನ್ನು ದೂರದಿಂದಲೇ ಅಳೆದು "ನಮಸ್ತೇ, ಕೈಸೇ ಹೋ" ಎಂದಳು. ಗೌಡರು ಹೌಹಾರಿ, "ನಮ್ಮವರಂತ ಹೆಂಗ ಗೊತ್ತಾತು ಇಕಿಗೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಗೊತ್ತಾಗಬಾರದೆಂದೇ ಅಲ್ಲವೇ ಅಷ್ಟು ದಾಸವಾಳ ಹೇರಿಕೊಂಡಿದ್ದು.

ಗಾಜಿನಾಚೆಯ ವೇದಿಕೆಯ ಮೇಲೆ ನಿಂತಿದ್ದ ಹುಡುಗಿಯರ ಬಟ್ಟೆಯಲ್ಲಿ ನನಗೆ ಕಂಡದ್ದು ನಂಬರು. ಒಬ್ಬೊಬ್ಬಳಿಗೂ ದುಂಡನೆಯ ಬಿಲ್ಲೆ, ಅದರ ಮೇಲೆ ಅಂಕಿ. ನಾವೆಲ್ಲ ಹೆಸರು, ವಯಸ್ಸು, ಅಂಗಡಿ, ಜಾತಿ, ಸಾಲ ಎಲ್ಲವನ್ನೂ ಬಿಳಿ ಶರ್ಟಿನೊಂದಿಗೆ ಕೋಣೆಯಲ್ಲಿ ಮಡಿಸಿಟ್ಟು ಬಂದಿದ್ದೆವು. ಇಡೀ ಬೀದಿಯಲ್ಲಿ ಡ್ಯೂಟಿಯ ಮೇಲಿದ್ದವರು ಅವರು. ಹೆಚ್ಚಿನವರು ಇಸಾನ್ ಎಂಬ ಈಶಾನ್ಯ ಸೀಮೆಯಿಂದ ಬಂದವರು; ಭತ್ತದ ಗದ್ದೆ, ಕೈಕೊಡುವ ಮಳೆ, ಊರಲ್ಲಿ ಅಜ್ಜಿಯ ಬಳಿ ಬೆಳೆಯುವ ಮಕ್ಕಳು. ಅಮೆರಿಕದ ಹಲವು ವಾಯುನೆಲೆಗಳು ಬಂದು ಕೂತದ್ದೂ ಆ ಸೀಮೆಯಲ್ಲೇ, ಕೋರಾಟ್, ಉಡೋನ್, ಉಬೋನ್‌ಗಳಲ್ಲಿ. ಕಾನೂನಿನ ಪ್ರಕಾರ ಥಾಯ್ಲೆಂಡಿನಲ್ಲಿ ವೇಶ್ಯಾವೃತ್ತಿ ನಿಷಿದ್ಧ. 1960ರಲ್ಲೊಂದು ಕಾಯ್ದೆ, 1996ರಲ್ಲಿ ಇನ್ನೊಂದು. ನಿಷೇಧದ ಹೊರೆ ಬೀಳುವುದು ಬಿಲ್ಲೆ ಹಾಕಿಕೊಂಡವಳ ಮೇಲೆಯೇ ಹೊರತು ಹೂವಿನ ಶರ್ಟಿನವನ ಮೇಲೆ ಅಷ್ಟಾಗಿ ಅಲ್ಲ. 1985ರಲ್ಲಿ ಬ್ಯಾಂಕಾಕಿನ ಪಟ್‌ಪಾಂಗ್ ಬೀದಿಯಲ್ಲಿ ಎಂಪವರ್ ಎಂಬ ಸಂಸ್ಥೆ ಶುರುವಾದಾಗ ಅದು ಈ ಹೆಂಗಸರಿಗೆ ಮೊದಲು ಕಲಿಸಿದ್ದು ಇಂಗ್ಲಿಷ್. ಗಿರಾಕಿ ಏನು ಮಾತಾಡುತ್ತಿದ್ದಾನೆಂದು ತಿಳಿದರೆ ಮೋಸ ಹೋಗುವುದು ಕಡಿಮೆ. ನಮ್ಮ ಗುಂಪಿನಲ್ಲಿ ಥಾಯ್ ಭಾಷೆಯ ಒಂದು ಮಾತು ಕಲಿತು ಹೋದವರು ಯಾರೂ ಇರಲಿಲ್ಲ.

ಬ್ಯಾಂಕಾಕಿನಲ್ಲಿ ಅರಮನೆ ನೋಡುವ ದಿನ ಫಜೀತಿಯಾಯಿತು. ಗ್ರ್ಯಾಂಡ್ ಪ್ಯಾಲೇಸಿನ ಬಾಗಿಲಲ್ಲಿ ಚಡ್ಡಿ, ತೋಳಿಲ್ಲದ ಬನಿಯನ್ ಯಾವುದೂ ನಡೆಯುವುದಿಲ್ಲ. ಸಂಜೆ ನದಿಯ ಕಡೆಗಿದ್ದ ಎತ್ತರದ ಕಟ್ಟಡವೊಂದರ ತುದಿಯ ಬಾರಿಗೆ ಹೋದರೆ ಅಲ್ಲೂ ಅದೇ ನಿಯಮ. ಹವಾಯಿ ಚಪ್ಪಲಿಗಂತೂ ಲಿಫ್ಟಿನ ಬಳಿಯೇ ತಡೆ. ದೇವರಿಗೂ ದೊಡ್ಡ ಬಿಲ್ಲಿಗೂ ಒಂದೇ ಬಟ್ಟೆ ಬೇಕು ಎಂಬುದು ಶೆಟ್ಟರಿಗೆ ಬಹಳ ಹಿಡಿಸಿತು. ವಾಟ್ ತ್ರೈಮಿತ್‌ನ ಬಂಗಾರದ ಬುದ್ಧನ ಮುಂದೆ ಗೈಡು, ಇದು ಐದೂವರೆ ಟನ್ ಎಂದಾಗ ಸಿಮೆಂಟ್ ಡೀಲರುಗಳೆಲ್ಲ ಒಮ್ಮೆಲೇ ಮನಸ್ಸಿನಲ್ಲಿ ಚೀಲ ಲೆಕ್ಕ ಹಾಕಿದರು. ಶತಮಾನಗಳ ಕಾಲ ಆ ವಿಗ್ರಹ ಗಾರೆ ಮೆತ್ತಿಕೊಂಡು ಸಾದಾ ಮೂರ್ತಿಯಂತಿತ್ತು; 1955ರಲ್ಲಿ ಜಾಗ ಬದಲಿಸುವಾಗ ಬಿದ್ದು, ಗಾರೆ ಒಡೆದು ಬಂಗಾರ ಕಂಡಿತು. "ಗಾರೆ ಹಚ್ಚಿದಾವ ಚೊಲೋ ಮೇಸ್ತ್ರಿ ಇದ್ದಾನ," ಎಂದರು ಪಾಟೀಲರು.

ಊರಿಗೆ ಹೊರಡುವ ಹಿಂದಿನ ರಾತ್ರಿ ಎಲ್ಲರೂ ಮೊಬೈಲಿನ ಫೋಟೋಗಳನ್ನು ಎರಡು ಭಾಗ ಮಾಡುತ್ತ ಕೂತಿದ್ದರು: ಮನೆಗೆ ತೋರಿಸುವವು, ಅಳಿಸುವವು. ಬೆಳಿಗ್ಗೆ ಲಿಫ್ಟಿನಿಂದ ಇಳಿದವರೆಲ್ಲ ಮತ್ತೆ ಬಿಳಿ. ಸಬ್ ಡೀಲರು ಹುಡುಗ ದೊಡ್ಡ ಡೀಲರ ಸೂಟ್‌ಕೇಸು ಎತ್ತಿಕೊಂಡು ಹಿಂದೆ ನಡೆದ.

ನನ್ನ ಶರ್ಟನ್ನು ಹೆಂಡತಿ ಎರಡು ಬೆರಳಲ್ಲಿ ಎತ್ತಿ ನೋಡಿ, ಬಣ್ಣ ಬಿಡುತ್ತದೆಂದು ಬೇರೆ ಬಕೆಟ್ಟಿಗೆ ಹಾಕಿದಳು. ಬಣ್ಣ ಬಿಡಲಿಲ್ಲ. ಅದನ್ನೀಗ ಪಿಯುಸಿ ಓದುವ ಮಗ ಕಾಲೇಜ್ ಡೇಗೆ ಹಾಕಿಕೊಂಡು ಹೋಗುತ್ತಾನೆ; ಆ ಹುಡುಗರಿಗೆ ಅದು ಯಾವುದೋ ಯೂಟ್ಯೂಬಿನವನ ಶರ್ಟು. ಕಂಪನಿಯವರು ಈ ಸಲದ ಸ್ಕೀಮಿನಲ್ಲಿ ಅಜರ್‌ಬೈಜಾನಿನ ಬಾಕು ಇಟ್ಟಿದ್ದಾರೆ, ಜನವರಿಯಲ್ಲಿ. ಗೌಡರು ಮೊನ್ನೆ ಫೋನ್ ಮಾಡಿ ಅಲ್ಲಿ ಥಂಡಿ ಹೆಂಗ ಎಂದು ಕೇಳಿದರು. ಹಿಮ ಬೀಳಬಹುದು, ದಪ್ಪ ಜಾಕೆಟ್ ಬೇಕಾಗುತ್ತದೆ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗಂತೂ ಹೀಟರ್ ಇರ್ತಾವಲ್ರಿ?" ಎಂದರು.